ಸುಣ್ಣ ಹಳಸದು, ಬಣ್ಣ ಹಳಸುತ್ತದೆ: ಪೇಂಟರ್ ಕೈಯ ತುರಿಕೆಗೊಂದು ಹೆಸರು ಬೇಕು

ಸುಣ್ಣ ಹಳಸಿದ್ದನ್ನು ಯಾರೂ ಕಂಡಿಲ್ಲ. ಡ್ರಮ್ಮಿನಲ್ಲಿ ಕೊತಕೊತ ಕುದಿದು ಅರಳಿದ ಸುಣ್ಣವನ್ನು ಹಬ್ಬಕ್ಕೆ ಬಳಿದು, ಉಳಿದದ್ದನ್ನು ಹಿತ್ತಲಲ್ಲಿ ಮುಚ್ಚಿಟ್ಟರೆ ಮುಂದಿನ ಹಬ್ಬದ ಹೊತ್ತಿಗೂ ಅದಕ್ಕೆ ಹುಳವಿಲ್ಲ, ಬೂಷ್ಟಿಲ್ಲ, ನಾತವಿಲ್ಲ. ಎಮಲ್ಷನ್ ಬಣ್ಣದ ಕಥೆ ಬೇರೆ. ನೀರು ಬೆರೆಸಿ ಮುಚ್ಚಿಟ್ಟ ಬಕೆಟ್ಟು ಆದೋನಿಯ ಬೇಸಿಗೆಗೆ ಸಿಕ್ಕಿತೆಂದರೆ ಕೆಲವೇ ವಾರಗಳಲ್ಲಿ ಬಣ್ಣ ನೀರಾಗಿ, ಮುಚ್ಚಳ ತೆಗೆದವನು ಮೂಗು ಮುಚ್ಚಿಕೊಳ್ಳಬೇಕು. ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬರುವ ತನಕ ಆ ಬಣ್ಣ ಕೆಡದಂತೆ ಕಾಯುವುದು ಅದರೊಳಗೆ ಬೆರೆಸಿದ ಒಂದು ಚಿಟಿಕೆ ರಾಸಾಯನಿಕ. ಬಣ್ಣವನ್ನು ಕಾಯುವ ಆ ಚಿಟಿಕೆಯೇ ಬಣ್ಣ ಬಳಿಯುವವನ ಚರ್ಮಕ್ಕೆ ಹೇಗೆ ಎರವಾಗುತ್ತದೆ, ಜಗತ್ತಿನ ಬೇರೆಡೆ ಅದನ್ನು ಹೇಗೆ ಪತ್ತೆಹಚ್ಚಿದರು, ನಮ್ಮ ಕಡೆ ಅದು ಏಕೆ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನ ಇದು.

ಬಿಳಿ ಸುಣ್ಣದ ಊರಿಗೆ ಬಣ್ಣ ಬಂತು

ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯವು. ಅಂದು ಬಳ್ಳಾರಿ ಮೈಸೂರಿಗೆ ಸೇರಿತು, ಇವು ಆಂಧ್ರಕ್ಕೆ ಹೋದವು. ಗಡಿ ಸರಿದರೂ ಹೊಳಗುಂದ, ಹಾಲಹರವಿ, ಕೌತಾಳದ ಕಡೆ ಎಷ್ಟೋ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಈ ಸೀಮೆಯಲ್ಲಿ ಗೋಡೆಗೆ ಬಣ್ಣ ಹಚ್ಚುವುದಕ್ಕೂ ಹಬ್ಬದ ಪಂಚಾಂಗಕ್ಕೂ ನೇರ ನಂಟು. ಯುಗಾದಿ, ಉರುಕುಂದ ಈರಣ್ಣನ ಶ್ರಾವಣ, ದಸರಾ, ದೀಪಾವಳಿ, ರಂಜಾನ್, ನಡುವೆ ಮದುವೆಗಳು. ಒಂದು ಕಾಲಕ್ಕೆ ಸುಣ್ಣ, ಅದರ ಕೆಳಗೆ ಕೆಮ್ಮಣ್ಣಿನ ಪಟ್ಟಿ, ಅಷ್ಟೇ. ಆಮೇಲೆ ಪುಡಿ ಡಿಸ್ಟೆಂಪರ್ ಬಂತು, ಸಿಮೆಂಟ್ ಪೇಂಟ್ ಬಂತು. ಈಗ ಪುಟ್ಟಿ ಎಳೆದು, ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಎರಡು ಕೋಟು ಎಮಲ್ಷನ್ ಹಚ್ಚಿದರೇ ಮನೆಗೆ ಕಳೆ.

ಈ ಕೆಲಸ ಮಾಡುವವರು ಇಬ್ಬರು ಮೂವರ ಗುಂಪು. ಒಬ್ಬ ಮೇಸ್ತ್ರಿ, ಒಂದಿಬ್ಬರು ಹುಡುಗರು. ಹಬ್ಬದ ಮುಂಚೆ ಊರಲ್ಲಿ ಕೆಲಸ. ಉಳಿದ ದಿನ ಕಟ್ಟಡ ಕೆಲಸ ಹುಡುಕಿಕೊಂಡು ಬೆಂಗಳೂರಿನಂಥ ಊರುಗಳಿಗೆ ಗುಳೆ. ಪೇಂಟಿಂಗ್ ಇಲ್ಲದ ದಿನ ಗಾರೆ ಕೆಲಸಕ್ಕೂ ಕೈಹಾಕುತ್ತಾರೆ. ಆದ್ದರಿಂದ ಅವರ ಚರ್ಮಕ್ಕೆ ಸೋಕುವ ವಸ್ತು ಒಂದಲ್ಲ: ಪುಟ್ಟಿ ಮತ್ತು ಸಿಮೆಂಟಿನ ಕ್ಷಾರ, ತಿನ್ನರ್, ಟರ್ಪೆಂಟೈನ್, ಕೈ ತೊಳೆಯುವ ಸೀಮೆಎಣ್ಣೆ, ಬಟ್ಟೆ ಸೋಪಿನ ಪುಡಿ, ಇವೆಲ್ಲದರ ಮೇಲೆ ನೀರಿನ ಬಣ್ಣ. ಕೈಯಲ್ಲಿ ಬಿರುಕು, ಉರಿ ಮೂಡಿದರೆ ಯಾವುದರದು ಎಂದು ಹೇಳುವುದು ಸುಲಭವಲ್ಲ.

ಡಬ್ಬಿಯೊಳಗಿನ ಕಾವಲುಗಾರ

ನೀರಿನ ಬಣ್ಣದಲ್ಲಿ ಸೂಕ್ಷ್ಮಾಣುಗಳಿಗೆ ಬೇಕಾದದ್ದೆಲ್ಲ ಇದೆ: ನೀರು, ಬಣ್ಣ ಗಟ್ಟಿಯಾಗಲೆಂದು ಸೇರಿಸುವ ಸೆಲ್ಯುಲೋಸ್ ಮೂಲದ ಅಂಟು, ಬೆಚ್ಚನೆಯ ಗೋದಾಮು. ಅವು ಆ ಅಂಟನ್ನು ತಿಂದರೆ ಬಣ್ಣ ತೆಳ್ಳಗಾಗುತ್ತದೆ, ನಾತ ಹೊಡೆಯುತ್ತದೆ, ಅನಿಲ ತುಂಬಿ ಡಬ್ಬಿ ಉಬ್ಬುವುದೂ ಉಂಟು. ಇದನ್ನು ತಡೆಯಲು ಬೆರೆಸುವ ಸಂರಕ್ಷಕಗಳಲ್ಲಿ ಮುಖ್ಯವಾದದ್ದು ಐಸೋಥಯಜೋಲಿನೋನ್ ಎಂಬ ಕುಟುಂಬ. ಅದರಲ್ಲಿ ಮಿಥೈಲ್‌ಐಸೋಥಯಜೋಲಿನೋನ್ (ಎಂಐ), ಅದರ ಕ್ಲೋರಿನ್ ಸೇರಿದ ಅಣ್ಣ ಎಂಸಿಐ, ಬೆನ್ಜ್‌ಐಸೋಥಯಜೋಲಿನೋನ್ (ಬಿಐಟಿ) ಡಬ್ಬಿಯೊಳಗೆ ಬಣ್ಣ ಕಾಯುತ್ತವೆ. ಒಣಗಿದ ಗೋಡೆಗೆ ಪಾಚಿ, ಬೂಷ್ಟು ಹಿಡಿಯದಂತೆ ಕಾಯುವ ಓಐಟಿ ಬೇರೆ. ಕೆಲವು ಬಣ್ಣಗಳಲ್ಲಿ ನಿಧಾನವಾಗಿ ಫಾರ್ಮಾಲ್ಡಿಹೈಡ್ ಬಿಡುವ ಸಂರಕ್ಷಕಗಳೂ ಇರುತ್ತವೆ.

ಪ್ರಮಾಣ ಬಹಳ ಕಡಿಮೆ. 20 ಲೀಟರಿನ ಒಂದು ಬಕೆಟ್ ಎಮಲ್ಷನ್ ಸುಮಾರು 28 ಕಿಲೋ ತೂಗುತ್ತದೆ ಎನ್ನಿ. ಅದರಲ್ಲಿ ಎಂಐ 100 ಪಿಪಿಎಂ ಇದ್ದರೆ, ಅಂದರೆ ಕಿಲೋಗೆ 100 ಮಿಲಿಗ್ರಾಂ ಇದ್ದರೆ, ಇಡೀ ಬಕೆಟ್ಟಿಗೆ ಮೂರು ಗ್ರಾಂಗೂ ಕಡಿಮೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣದಷ್ಟು. ಅಲರ್ಜಿಯ ಲೆಕ್ಕದಲ್ಲಿ ಅದು ಕಡಿಮೆಯೇನಲ್ಲ. ಐರೋಪ್ಯ ಒಕ್ಕೂಟದ ಕಾನೂನು 15 ಪಿಪಿಎಂ ಎಂಐ ಇರುವ ಮಿಶ್ರಣವನ್ನೇ ಚರ್ಮಕ್ಕೆ ಅಲರ್ಜಿ ತರುವ ವಸ್ತುಗಳ ಪಟ್ಟಿಗೆ ಸೇರಿಸುತ್ತದೆ. 2020ರ ಮೇ ತಿಂಗಳಿಂದ ಆ ನಿಯಮ ಜಾರಿಯಲ್ಲಿದೆ.

ಸುಣ್ಣಕ್ಕೆ ಈ ಕಾವಲುಗಾರ ಏಕೆ ಬೇಡ? ನೀರಿನಲ್ಲಿ ತುಂಬ ಕರಗಿದ ಸುಣ್ಣದ ಪಿಎಚ್ 12ನ್ನು ದಾಟುತ್ತದೆ. ಅಷ್ಟು ಕ್ಷಾರದಲ್ಲಿ ಸೂಕ್ಷ್ಮಾಣು ಬದುಕುವುದಿಲ್ಲ. ಯುರೋಪಿನಲ್ಲಿ ಇಂದು ಸಂರಕ್ಷಕವಿಲ್ಲದ ಬಣ್ಣವೆಂದು ಮಾರುವ ಸಿಲಿಕೇಟ್ ಬಣ್ಣಗಳ ಗುಟ್ಟೂ ಇದೇ ಕ್ಷಾರ. ಹಾಗೆಂದು ಸುಣ್ಣ ಸಾಧುವಲ್ಲ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು, ಕೈ ಸುಡುತ್ತದೆ, ಬೆರಳ ಸಂದಿ ಒಡೆಯುತ್ತದೆ. ಆದರೆ ಆ ಸುಡುವಿಕೆ ಅಲರ್ಜಿಯಲ್ಲ. ಮುಟ್ಟಿದವರನ್ನೆಲ್ಲ ಅದು ಒಂದೇ ರೀತಿ ಸುಡುತ್ತದೆ, ಬಿಟ್ಟರೆ ವಾಸಿಯಾಗುತ್ತದೆ, ದೇಹ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಮರೆಯದ ಚರ್ಮ

ಅಲರ್ಜಿ ಎಂದರೆ ನೆನಪು. ಎಂಐ ಅಣು ಚಿಕ್ಕದು. ಬಿರುಕುಬಿಟ್ಟ ಚರ್ಮವನ್ನು ಸುಲಭವಾಗಿ ದಾಟಿ ಒಳಗಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ದೇಹದ ರೋಗನಿರೋಧಕ ಕಣಗಳು ಅದನ್ನು ಶತ್ರುವೆಂದು ಗುರುತಿಸಿಕೊಳ್ಳಲು ಹತ್ತು ಹದಿನೈದು ದಿನ ಹಿಡಿಯುತ್ತದೆ. ಕೆಲವರಲ್ಲಿ ಈ ಗುರುತು ಮೂಡುವುದು ವರ್ಷಗಳ ಕಾಲ ಮುಟ್ಟಿದ ಮೇಲೆ. ಅಲ್ಲಿಯ ತನಕ ಮೈಗೆ ಏನೂ ಗೊತ್ತಾಗುವುದಿಲ್ಲ. ಒಮ್ಮೆ ಗುರುತು ಮೂಡಿತೆಂದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆಮೇಲೆ ಪ್ರತಿ ಸಲ ಸೋಕಿದಾಗಲೂ ಒಂದೆರಡು ದಿನ ತಡವಾಗಿ ತುರಿಕೆ, ಕೆಂಪು, ನೀರುಗುಳ್ಳೆ. ಹದಿನೈದು ವರ್ಷ ಬ್ರಷ್ ಹಿಡಿದವನು 'ಇಷ್ಟು ದಿನ ಆಗದ್ದು ಈಗ್ಯಾಕೆ ಆಯ್ತು?' ಎಂದು ಕೇಳುವುದು ಸಹಜ. ಉತ್ತರ ಈ ನೆನಪಿನಲ್ಲಿದೆ.

ಆ ಒಂದೆರಡು ದಿನದ ತಡವೇ ದಾರಿ ತಪ್ಪಿಸುವುದು. ಸೋಮವಾರ ಬಣ್ಣ ಹಚ್ಚಿದ್ದಕ್ಕೆ ಬುಧವಾರ ಮೈ ತುರಿಸಿದರೆ ಮಂಗಳವಾರ ತಿಂದ ಬದನೆಕಾಯಿಯೇ ನಂಜಾಯಿತು ಎಂದುಕೊಳ್ಳುತ್ತೇವೆ. ಇನ್ನೊಂದು ಗೊಂದಲ ಗಾಳಿಯದು. ಹೊಸದಾಗಿ ಬಣ್ಣ ಬಳಿದ ಗೋಡೆ ಒಣಗುವಾಗ ಎಂಐ ಗಾಳಿಗೂ ಸೇರುತ್ತದೆ, ಆ ಹೊರಸೂಸುವಿಕೆ ವಾರಗಟ್ಟಲೆ ನಡೆಯಬಹುದು. ಆಗ ಬ್ರಷ್ ಮುಟ್ಟದವರಿಗೂ, ಅಂದರೆ ಆ ಕೋಣೆಯಲ್ಲಿ ಮಲಗುವ ಅಲರ್ಜಿ ಉಳ್ಳವರಿಗೂ, ಕಣ್ಣರೆಪ್ಪೆ ಊದಿಕೊಳ್ಳುತ್ತದೆ, ಮುಖ, ಕತ್ತು ಕೆಂಪಾಗುತ್ತವೆ. ಕೆಲವರಿಗೆ ಕೆಮ್ಮು, ಉಬ್ಬಸವೂ ಬರುತ್ತದೆ.

ಯುರೋಪು ಕಲಿತ ಪಾಠ

ಈ ರೋಗದ ಹಿಂದೆ ಒಂದು ಒಳ್ಳೆಯ ಉದ್ದೇಶದ ಕಥೆ ಇದೆ. 1970ರ ದಶಕದಲ್ಲಿ ಸ್ಕ್ಯಾಂಡಿನೇವಿಯಾದ ವೈದ್ಯರು ಒಂದು ವಿಷಯ ಗಮನಿಸಿದರು. ಎಣ್ಣೆ ಬಣ್ಣದ ದ್ರಾವಕಗಳ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದ ಪೇಂಟರುಗಳಲ್ಲಿ ಮರೆವು, ಸುಸ್ತು, ಮಂಕು ಹೆಚ್ಚಿತ್ತು. ಪರಿಹಾರವಾಗಿ ನೀರಿನ ಬಣ್ಣಗಳು ಒಳಗೋಡೆಗೆ ಬಂದವು. ಟರ್ಪೆಂಟೈನ್ ಮರೆಯಾದಂತೆ ಅದರಿಂದ ಬರುತ್ತಿದ್ದ ಹಳೆಯ ಚರ್ಮದ ಅಲರ್ಜಿಯೂ ತಗ್ಗಿತು. ಆದರೆ ನೀರು ಬಂದಲ್ಲಿ ಸೂಕ್ಷ್ಮಾಣು ಬಂತು, ಅದರ ಹಿಂದೆ ಸಂರಕ್ಷಕ ಬಂತು. ವಾಸನೆ, ಆವಿ ಕಡಿಮೆ ಮಾಡುವಂತೆ ಬಣ್ಣವನ್ನು ಸುಧಾರಿಸಿದಷ್ಟೂ ಈ ಸಂರಕ್ಷಕಗಳ ಮೇಲಿನ ಭಾರ ಹೆಚ್ಚಿತು.

ಎಂಸಿಐ ಮತ್ತು ಎಂಐ ಮೂರಕ್ಕೊಂದರ ಪ್ರಮಾಣದಲ್ಲಿ ಬೆರೆತ ಮಿಶ್ರಣ 1980ರ ದಶಕದಲ್ಲೇ ಅಲರ್ಜಿಗೆ ಹೆಸರಾಗಿತ್ತು. ಇಬ್ಬರಲ್ಲಿ ಎಂಐ ಸೌಮ್ಯವೆಂದು ತಿಳಿದು, 2000ದ ನಂತರ ಕಾರ್ಖಾನೆಯ ಉತ್ಪನ್ನಗಳಲ್ಲೂ, 2005ರಿಂದ ಯುರೋಪಿನ ಸೌಂದರ್ಯವರ್ಧಕಗಳಲ್ಲೂ ಅದನ್ನು ಒಂಟಿಯಾಗಿ ಬಳಸತೊಡಗಿದರು. ಸೌಮ್ಯವಾದ್ದರಿಂದ ಹೆಚ್ಚು ಹಾಕಬೇಕಾಯಿತು. ಸೌಂದರ್ಯವರ್ಧಕಗಳಲ್ಲಿ 100 ಪಿಪಿಎಂವರೆಗೆ ಅವಕಾಶವಿತ್ತು. ಮೊದಲ ಎಚ್ಚರಿಕೆ ಬಂದದ್ದು ಕೆಲಸಗಾರರಿಂದಲೇ. 2004ರಲ್ಲಿ ಸ್ವೀಡನ್ನಿನಿಂದ ಗೋಡೆ ಕಾಗದದ ಅಂಟು ಮುಟ್ಟಿದವರ ವರದಿ, 2006ರಲ್ಲಿ ಡೆನ್ಮಾರ್ಕಿನಿಂದ ಬಣ್ಣದ ಕಾರ್ಖಾನೆಯ ಕಾರ್ಮಿಕರ ವರದಿ. ಆಗ ಅದಕ್ಕೆ ಹೆಚ್ಚು ಕಿವಿಗೊಟ್ಟವರಿಲ್ಲ. ಕ್ರೀಮು, ಒದ್ದೆ ಟಿಶ್ಯೂ ಬಳಸಿದ ಮನೆಮಂದಿಗೂ ತುರಿಕೆ ಹಬ್ಬಿದ ಮೇಲೆ ಅದು ಸುದ್ದಿಯಾಯಿತು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಎಂಐಯನ್ನು 2013ರ 'ವರ್ಷದ ಅಲರ್ಜಿಕಾರಕ' ಎಂದು ಸಾರಿತು. ಹಚ್ಚಿ ಬಿಡುವ ಕ್ರೀಮುಗಳಲ್ಲಿ ಅದನ್ನು 2017ರಿಂದ ಯುರೋಪ್ ನಿಷೇಧಿಸಿತು. ತೊಳೆದುಬಿಡುವ ಶಾಂಪೂ, ಸೋಪುಗಳಲ್ಲಿ 2018ರಿಂದ 15 ಪಿಪಿಎಂಗೆ ಇಳಿಸಿತು.

ಬಣ್ಣ ಮಾತ್ರ ಈ ನಿಷೇಧದ ಹೊರಗೆ ಉಳಿಯಿತು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಐದು ಐರೋಪ್ಯ ದೇಶಗಳಿಂದ 71 ನೀರಿನ ಬಣ್ಣಗಳನ್ನು ಕೊಂಡು ಪರೀಕ್ಷಿಸಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಡಬ್ಬಿಗಳಲ್ಲಿ ಎಂಐ ಇತ್ತು, ಬಿಐಟಿಯೂ ಹಾಗೆಯೇ. ನಿಷೇಧದ ಬದಲು ಬಣ್ಣದ ವಿಷಯದಲ್ಲಿ ಅಲ್ಲಿನ ಕಾನೂನು ಹಿಡಿದ ದಾರಿ, ಡಬ್ಬಿಯ ಮೇಲೆ ಆ ವಸ್ತುವಿನ ಹೆಸರು ಬರೆದು 'ಅಲರ್ಜಿ ಉಂಟಾಗಬಹುದು' ಎಂದು ಎಚ್ಚರಿಸುವುದು. ನಮಗೆ ಈ ಕಥೆಯಲ್ಲಿ ಮುಖ್ಯವಾದದ್ದು ಇದೇ. ಹೆಸರು ಗೊತ್ತಾದವನು ದೂರವಿರಬಲ್ಲ.

ತಾಮರ, ಇಸುಬು, ಗಜ್ಜಿ

ನಮ್ಮ ಕಡೆ ಈ ತುರಿಕೆಗೆ ಹೆಸರುಗಳಿಗೇನೂ ಬರವಿಲ್ಲ. ಕನ್ನಡದಲ್ಲಿ ಇಸುಬು, ಗಜ್ಜಿ, ಹುಳುಕಡ್ಡಿ, ನಂಜು. ತೆಲುಗಿನಲ್ಲಿ ದುರದ, ತಾಮರ. ತೊಂದರೆ ಏನೆಂದರೆ ಒಂದೊಂದು ಹೆಸರೂ ಒಂದೊಂದು ತಪ್ಪು ಮದ್ದಿಗೆ ಕರೆದೊಯ್ಯುತ್ತದೆ. ತಾಮರ ಎಂದರೆ ಶಿಲೀಂಧ್ರದ ಸೋಂಕು. ಹಾಗೆಂದು ಮೆಡಿಕಲ್ ಶಾಪಿನಲ್ಲಿ ಹೇಳಿದರೆ ಕೈಗೆ ಬರುವುದು ಶಿಲೀಂಧ್ರದ ಮದ್ದಿಗೆ ಸ್ಟೀರಾಯ್ಡ್ ಬೆರೆಸಿದ ಮುಲಾಮು. ಅದರ ಸ್ಟೀರಾಯ್ಡ್ ಅಲರ್ಜಿಯ ತುರಿಕೆಯನ್ನೂ ಒಂದೆರಡು ದಿನ ಅಡಗಿಸುತ್ತದೆ, ಪೇಂಟರ್ ಮತ್ತೆ ಕೆಲಸಕ್ಕೆ ಹೋಗುತ್ತಾನೆ, ರೋಗ ಮರಳುತ್ತದೆ, ಮುಲಾಮು ಮುಗಿಯುತ್ತದೆ, ಇನ್ನೊಂದು ಟ್ಯೂಬು. ತಿಂಗಳುಗಟ್ಟಲೆ ಹಚ್ಚಿದ ಮುಖ ಕೆಂಪಗೆ ತೆಳ್ಳಗಾಗಿ, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿ ಬೇಕಾದ ಔಷಧಗಳ ಪಟ್ಟಿಗೆ ಬಿಗಿಯಾಗಿ ಸೇರಿಸಿದ್ದು ಈ ಚಟದ ಕಾರಣಕ್ಕೇ.

ಇನ್ನೊಂದು ಸಿದ್ಧ ಉತ್ತರ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ತೆಲುಗಿನವರ ವಯ್ಯಾರಿಭಾಮ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದಖ್ಖನ್ನಿನ ಬಯಲನ್ನೆಲ್ಲ ಹೊಕ್ಕ ಈ ಕಳೆ, ಗಾಳಿಯಿಂದ ಬರುವ ಚರ್ಮದ ಅಲರ್ಜಿಗೆ ನಮ್ಮ ದೇಶದಲ್ಲಿ ಮೊದಲ ಕಾರಣ. ಕಣ್ಣರೆಪ್ಪೆ, ಕತ್ತು, ಮೊಣಕೈ ಮಡಿಕೆ ಕೆಂಪಾದ ರೈತನನ್ನು ಕಂಡರೆ ವೈದ್ಯರಿಗೆ ಅದೇ ಮೊದಲು ನೆನಪಾಗಬೇಕಾದದ್ದು. ಆದರೆ ಬಣ್ಣದ ಗಾಳಿಯೂ ಹೆಚ್ಚೂಕಡಿಮೆ ಇದೇ ಜಾಗಗಳನ್ನು ಹಿಡಿಯುತ್ತದೆ. ಅರ್ಧ ವರ್ಷ ಹೊಲ, ಅರ್ಧ ವರ್ಷ ಪೇಂಟಿಂಗ್ ಮಾಡುವವನಲ್ಲಿ ಇವೆರಡನ್ನೂ ಕಣ್ಣಿನಿಂದಷ್ಟೇ ಬೇರ್ಪಡಿಸಲಾಗದು. ಗಾರೆ ಕೆಲಸವೂ ಸೇರಿದ್ದರೆ ಸಿಮೆಂಟಿನ ಕ್ರೋಮಿಯಂ ಮೂರನೆಯ ಅನುಮಾನ. ಆ ಅಲರ್ಜಿಯನ್ನು ತಗ್ಗಿಸಲೆಂದೇ ಡೆನ್ಮಾರ್ಕ್ 1980ರ ದಶಕದಲ್ಲಿ ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸತೊಡಗಿತು. 2005ರಿಂದ ಇಡೀ ಐರೋಪ್ಯ ಒಕ್ಕೂಟ ಸಿಮೆಂಟಿನ ಕರಗುವ ಕ್ರೋಮಿಯಂಗೆ 2 ಪಿಪಿಎಂ ಮಿತಿ ಹಾಕಿತು.

ಬೆನ್ನ ಮೇಲಿನ ಉತ್ತರ

ಬೇರ್ಪಡಿಸುವ ಉಪಾಯ ಹಳೆಯದು. ಬ್ರೆಸ್ಲಾವಿನ ಯೋಸೆಫ್ ಯಾಡಸ್ಸೋನ್ 1895ರಲ್ಲಿ ತೋರಿಸಿಕೊಟ್ಟ ಪ್ಯಾಚ್ ಟೆಸ್ಟ್ ಇಂದಿಗೂ ಅದೇ ತತ್ವದ ಮೇಲೆ ನಡೆಯುತ್ತದೆ. ಅನುಮಾನದ ವಸ್ತುಗಳನ್ನು ಚಿಕ್ಕ ಬಟ್ಟಲುಗಳಲ್ಲಿಟ್ಟು ಬೆನ್ನಿಗೆ ಅಂಟಿಸಿ, 48 ಗಂಟೆಯ ನಂತರ ತೆಗೆದು, ಆ ದಿನ ಮತ್ತು ಇನ್ನೆರಡು ದಿನ ಕಳೆದು ಚರ್ಮವನ್ನು ಓದುತ್ತಾರೆ. ಯುರೋಪಿನ ಮೂಲ ಪಟ್ಟಿಗೆ ಎಂಐ ಪ್ರತ್ಯೇಕವಾಗಿ ಸೇರಿದ್ದು 2014ರಲ್ಲಿ. ಎಂಸಿಐ ಜತೆಗಿನ ಮಿಶ್ರಣವನ್ನಷ್ಟೇ ಪರೀಕ್ಷಿಸಿದರೆ ಅದರಲ್ಲಿ ಎಂಐ ಪಾಲು ತೀರ ಕಡಿಮೆಯಾಗಿ ಎಷ್ಟೋ ರೋಗಿಗಳು ತಪ್ಪಿಹೋಗುತ್ತಿದ್ದರು. ಆದ್ದರಿಂದ ಪರೀಕ್ಷೆ ಮಾಡಿಸುವುದಷ್ಟೇ ಸಾಲದು. ಪಟ್ಟಿಯಲ್ಲಿ ಏನಿದೆ ಎಂಬುದೂ ಮುಖ್ಯ. ಪೇಂಟರನಿಗೆ ಎಂಐ, ಬಿಐಟಿ, ಫಾರ್ಮಾಲ್ಡಿಹೈಡ್, ಕ್ರೋಮಿಯಂ, ಪಾರ್ಥೇನಿಯಂ ಐದೂ ಇದ್ದರೆ ಉತ್ತರ ಸಿಗುವ ಆಸೆ ಹೆಚ್ಚು.

ಆದೋನಿಯವನಿಗೆ ಚರ್ಮರೋಗದ ದೊಡ್ಡ ವಿಭಾಗ ಬೇಕೆಂದರೆ ಒಂದೋ 1956ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು ಇರುವ ಕರ್ನೂಲು, ಇಲ್ಲವೇ ಅದಕ್ಕಿಂತ ಹತ್ತಿರವಾದ ಗಡಿಯಾಚೆಯ ಬಳ್ಳಾರಿ. ಅಂಟಿಸಲು ಒಂದು ದಿನ, ತೆಗೆಯಲು ಒಂದು ದಿನ, ಮತ್ತೆ ಓದಲು ಒಂದು ದಿನ. ಮೂರು ಸಲ ಬಸ್ಸು, ಮೂರು ದಿನದ ಕೂಲಿ ಖೋತಾ. ನಡುವೆ ಬೆನ್ನು ನೆನೆಯಬಾರದು, ಬೆವರಬಾರದು. ಏಪ್ರಿಲ್ ಬಿಸಿಲಲ್ಲಿ ಇದು ಆಗದ ಮಾತು. ಮಳೆಗಾಲ ಮುಗಿದು ಚಳಿ ಬಿದ್ದ ತಿಂಗಳುಗಳಲ್ಲಿ, ಹಬ್ಬದ ಕೆಲಸ ತಗ್ಗಿದಾಗ ಮಾಡಿಸಿಕೊಳ್ಳುವುದು ಜಾಣತನ. ಪರೀಕ್ಷೆಗೆ ಮುಂಚೆಯೂ ವೈದ್ಯರಿಗೆ ಹೇಳಬಹುದಾದ ಒಂದು ಸುಳಿವಿದೆ: ಕೆಲಸ ಬಿಟ್ಟ ಎರಡು ಮೂರು ವಾರದಲ್ಲಿ ಕಡಿಮೆಯಾಗಿ, ಮತ್ತೆ ಬ್ರಷ್ ಹಿಡಿದ ಎರಡನೆಯ ದಿನ ಕೆರಳುತ್ತದೆಯೇ? ಹೌದೆಂದರೆ ಅನುಮಾನ ಕೆಲಸದ ಮೇಲೆ.

ಪಟ್ಟಿಯಲ್ಲಿದೆ, ಪಡಸಾಲೆಯಲ್ಲಿಲ್ಲ

ಕಾನೂನಿಗೆ ಈ ರೋಗ ಗೊತ್ತಿಲ್ಲ ಎನ್ನುವಂತಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯ ವೃತ್ತಿರೋಗಗಳ ಪಟ್ಟಿಯಲ್ಲಿ ರಾಸಾಯನಿಕ ಮತ್ತು ಬಣ್ಣಗಳ ನೇರ ಸಂಪರ್ಕದಿಂದ ಬರುವ ಚರ್ಮದ ಉರಿಯೂತವನ್ನು ಹೆಸರಿಸಿ, ಕೆರಳಿಸುವುದು ಮತ್ತು ಅಲರ್ಜಿ ಎಂಬ ಎರಡು ಬಗೆಯನ್ನೂ ಬಿಡಿಸಿ ಹೇಳಿತ್ತು. ಅಂಥ ರೋಗಿಯನ್ನು ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಬೇಕಿತ್ತು. ಆದರೆ ಆ ಕಾಯ್ದೆ ಕಾರ್ಖಾನೆಯ ಗೇಟಿನೊಳಗಿನದಾಗಿತ್ತು. ಬಣ್ಣ ತಯಾರಿಸುವವನಿಗೆ ಅನ್ವಯಿಸುತ್ತಿದ್ದ ನಿಯಮ ಅದೇ ಬಣ್ಣವನ್ನು ಪಡಸಾಲೆಗೆ ಬಳಿಯುವವನನ್ನು ತಲುಪುತ್ತಿರಲಿಲ್ಲ. ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಮಾಡಿದ, ಅದೂ 2025ರವರೆಗೆ ಜಾರಿಯಲ್ಲಿದ್ದ ಕಾಯ್ದೆ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆಂದು ಬರೆದದ್ದು. ಸ್ವಂತ ವಾಸಕ್ಕೆ 10 ಲಕ್ಷ ರೂಪಾಯಿಯೊಳಗೆ ಕಟ್ಟಿಕೊಳ್ಳುವ ಮನೆಯನ್ನೂ ಅದು ಹೊರಗಿಟ್ಟಿತು. ಮೂವರ ಗುಂಪು ಹಳ್ಳಿಮನೆಗೆ ಬಣ್ಣ ಹಚ್ಚುವುದು ಈ ಎರಡು ಗೆರೆಗಳ ಆಚೆಗೇ ಬೀಳುತ್ತಿತ್ತು. ವರ್ಷಕ್ಕೆ 90 ದಿನ ಕೆಲಸ ಮಾಡಿದ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದೆಂಬ ಅವಕಾಶವಿದ್ದರೂ, ಅರ್ಧ ವರ್ಷ ಆಂಧ್ರ ಅರ್ಧ ವರ್ಷ ಕರ್ನಾಟಕ ಎಂದು ಗುಳೆ ಹೋಗುವವನು ಯಾವ ಮಂಡಳಿಯ ಬಾಗಿಲು ಬಡಿಯಬೇಕು?

ಮನಸ್ಸು ಮಾಡಿದರೆ ಡಬ್ಬಿಯ ಮೇಲೆ ಬರೆಸಬಹುದು ಎಂಬುದಕ್ಕೆ ಸೀಸವೇ ಸಾಕ್ಷಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ಕೇಂದ್ರದ 2016ರ ನಿಯಮ 2017ರ ನವೆಂಬರ್ 1ರಿಂದ ಜಾರಿಯಾಯಿತು. ಡಬ್ಬಿಯ ಮೇಲೆ ಆ ಮಾತು ಬಂತು. ಸಂರಕ್ಷಕಗಳಿಗೆ ಅಂಥ ಮಿತಿಯಾಗಲಿ, ಹೆಸರು ಬರೆಯುವ ಕಟ್ಟುಪಾಡಾಗಲಿ ಬಂದಿಲ್ಲ. ವಿಚಿತ್ರವೆಂದರೆ ಬಚ್ಚಲಿನಲ್ಲಿರುವ ಶಾಂಪೂ ಬಾಟಲಿಯ ಬೆನ್ನಿಗೆ ಎಂಐ, ಎಂಸಿಐಗಳ ಪೂರ್ಣ ಹೆಸರು ಸಣ್ಣಕ್ಷರದಲ್ಲಿ ಸಿಗಬಹುದು. ಇಡೀ ದಿನ ಕೈ ಅದ್ದುವ 20 ಲೀಟರಿನ ಬಕೆಟ್ಟಿನ ಮೇಲೆ ಸಿಗುವ ಖಾತ್ರಿಯಿಲ್ಲ.

ಮಾಡಬಹುದಾದದ್ದು

ಅಲರ್ಜಿ ಬಾರದಂತೆ ತಡೆಯುವುದು ಬಂದ ಮೇಲೆ ಒದ್ದಾಡುವುದಕ್ಕಿಂತ ಅಗ್ಗ. ಬಣ್ಣಕ್ಕೆ ಛಾಯೆ ಕೊಡುವ ಸ್ಟೈನರ್ ಕಲಸಲು ಕೈ ಹಾಕದೆ ಕೋಲು ಬಳಸುವುದು, ರೋಲರಿಗೆ ಉದ್ದನೆಯ ಹಿಡಿ ಕಟ್ಟುವುದು, ಬಣ್ಣದಲ್ಲಿ ನೆನೆದ ಅಂಗಿಯನ್ನು ಸಂಜೆಯ ತನಕ ಮೈಮೇಲೆ ಒಣಗಲು ಬಿಡದಿರುವುದು. ಕೈಯನ್ನು ತಿನ್ನರ್, ಸೀಮೆಎಣ್ಣೆಯಲ್ಲಿ ತೊಳೆಯುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ಚರ್ಮದ ಎಣ್ಣೆ ತೆಗೆದು ಅದು ಎಂಐಗೆ ಬಾಗಿಲು ತೆರೆಯುತ್ತದೆ. ನೀರಿನ ಬಣ್ಣ ಒಣಗುವ ಮೊದಲು ನೀರು, ಸೋಪಿಗೇ ಹೋಗುತ್ತದೆ. ಆಮೇಲೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಸಾಕು. ಕೈಗವಸು ನೈಟ್ರೈಲಿನದಾಗಿರಲಿ, ಒಳಗೆ ತೆಳು ಹತ್ತಿ ಗವಸಿರಲಿ, ಒಳಗೆ ಬಣ್ಣ ನುಗ್ಗಿದರೆ ತಕ್ಷಣ ಬದಲಿಸಲಿ. ಬಣ್ಣ ತುಂಬಿದ ಗವಸು ಬರಿಗೈಗಿಂತ ಅಪಾಯ. 42 ಡಿಗ್ರಿ ಬಿಸಿಲಲ್ಲಿ ಇಡೀ ದಿನ ಗವಸು ಹಾಕಿರು ಎಂಬ ಉಪದೇಶ ನಡೆಯದು. ಬಣ್ಣ ಕಲಸುವಾಗ, ಬ್ರಷ್ ತೊಳೆಯುವಾಗ ಹಾಕಿದರೂ ಲಾಭವೇ.

ಅಲರ್ಜಿ ಖಚಿತವಾದವನಿಗೆ ದಾರಿ ಕಿರಿದಾಗುತ್ತದೆ, ಮುಚ್ಚುವುದಿಲ್ಲ. ಸುಣ್ಣ, ಪುಡಿಯಾಗಿ ಬರುವ ಸಿಮೆಂಟ್ ಪೇಂಟ್, ಪುಡಿ ಡಿಸ್ಟೆಂಪರುಗಳಿಗೆ ಡಬ್ಬಿಯ ಕಾವಲು ಬೇಡ. ಮರ, ಕಬ್ಬಿಣಕ್ಕೆ ಹಚ್ಚುವ ಎಣ್ಣೆ ಎನಾಮಲ್ಲಿನಲ್ಲಿ ನೀರಿಲ್ಲದ್ದರಿಂದ ಇದೇ ಸಂರಕ್ಷಕದ ಅಗತ್ಯವಿಲ್ಲ. ಅಲ್ಲಿ ಆವಿಯ ಭಯ, ಕಿಟಕಿ ತೆರೆದಿರಬೇಕು. ಮನೆಯ ಶಾಂಪೂ, ಪಾತ್ರೆ ತೊಳೆಯುವ ದ್ರವಗಳಲ್ಲಿ ಅದೇ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಪೇಂಟಿಂಗ್ ಬಿಟ್ಟರೂ ತುರಿಕೆ ಬಿಡದು. ಬಣ್ಣದ ಕಂಪನಿಗಳು ಪ್ರತಿ ಉತ್ಪನ್ನಕ್ಕೂ ಸುರಕ್ಷತಾ ಮಾಹಿತಿ ಪತ್ರ ಸಿದ್ಧಪಡಿಸುತ್ತವೆ. ಅದು ಇಂಗ್ಲಿಷಿನಲ್ಲಿರುತ್ತದೆ, ಅಂಗಡಿಯಲ್ಲಿ ತೂಗುಹಾಕಿರುವುದಿಲ್ಲ, ಕೇಳಿದವರಿಗೆ ಸಿಗುತ್ತದೆ. ಕೇಳಬೇಕಾದವರು ಡೀಲರು ಮತ್ತು ವೈದ್ಯರು.

ಕಾನೂನು ಬದಲಾಗುವ ತನಕ ಒಂದು ಸಣ್ಣ ಕೆಲಸ ಆಸ್ಪತ್ರೆಯ ಹೊರರೋಗಿ ಕೋಣೆಯಲ್ಲೇ ಆಗಬಹುದು. ಪ್ಯಾಚ್ ಟೆಸ್ಟಿನ ಫಲಿತಾಂಶವನ್ನು ಚೀಟಿಯ ಮೂಲೆಯಲ್ಲಿ ಗೀಚುವ ಬದಲು ಅಂಗೈಯಗಲದ ಕಾರ್ಡಿನ ಮೇಲೆ, ವಸ್ತುವಿನ ಹೆಸರನ್ನು ಡಬ್ಬಿಯ ಮೇಲಿರುವ ಇಂಗ್ಲಿಷಿನಲ್ಲೂ ತೆಲುಗು, ಕನ್ನಡಗಳಲ್ಲೂ ಬರೆದುಕೊಡುವುದು. ಕರ್ನೂಲಿನ ವೈದ್ಯರು ಬರೆದದ್ದನ್ನು ಬೆಂಗಳೂರಿನ ಅಂಗಡಿಯವನೂ ಓದಬೇಕು, ಹೊಳಗುಂದದ ಹುಡುಗನೂ ಓದಬೇಕು. ಆಗ ಅವನು ಕೌಂಟರಿನ ಮುಂದೆ ನಿಂತು 'ತಾಮರದ ಮುಲಾಮು ಕೊಡಿ' ಎನ್ನುವುದಿಲ್ಲ. ಬಣ್ಣದಂಗಡಿಗೆ ಹೋಗಿ 'ಇದರಲ್ಲಿ ಇದು ಐತೇನಣ್ಣ?' ಎಂದು ಕಾರ್ಡು ಮುಂದಿಡುತ್ತಾನೆ. ಅಂಗಡಿಯವನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಹತ್ತು ಜನ ಕೇಳಿದರೆ ಅವನೂ ಕಂಪನಿಯವರನ್ನು ಕೇಳಲೇಬೇಕಾಗುತ್ತದೆ.